ಒಂದೇ ಕೋಲಿನ ಗುಡಾರ

ಹೊಸ ಕೊಡೆಯ ವಾಸನೆ ನಿಮಗೆ ಗೊತ್ತಿರಲೇಬೇಕು. ಹೊಸ ಪುಸ್ತಕದ ವಾಸನೆಯ ಹಾಗೆ ಅದನ್ನು ಯಾರೂ ಹೊಗಳುವುದಿಲ್ಲ. ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಗೋಂದು, ಬಹುಕಾಲ ಮುಚ್ಚಿಟ್ಟ ಪೆಟ್ಟಿಗೆಯ ಗಾಳಿ ಒಂದಿಷ್ಟು. ಮೊನ್ನೆ ಅಂಕೋಲೆಯ ಪೇಟೆಗೆ ಕೊಡೆ ಕೊಳ್ಳಲು ಹೋಗಿದ್ದೆ. ಹಳೆಯದನ್ನು ಬಸ್ಸಿನಲ್ಲಿ ಬಿಟ್ಟು ಬಂದಿದ್ದೆ. ಬಸ್ಸಿನಲ್ಲಿ ಕೊಡೆ ಬಿಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ತಾಲೂಕಿನಲ್ಲಿ ಇಲ್ಲ. ಹೊರಗೆ ಇನ್ನೂ ಬಿಸಿಲು; ಎದುರಿನ ಬುಟ್ಟಿಗಳಲ್ಲಿ ಈ ವರ್ಷದ ಕೊನೆಯ ಇಶಾಡ ಮಾವಿನಹಣ್ಣು. ಅಂಗಡಿಯವನು ಕೊಡೆಯೊಂದನ್ನು ತೆಗೆದು ನನ್ನ ತಲೆಯ ಮೇಲೆಯೇ ಪಟ್ಟನೆ ಬಿಚ್ಚಿದ. ತೆಳು ಬಟ್ಟೆಯಲ್ಲಿ ಸೋಸಿ ಬಂದ ಬೆಳಕು, ಆ ವಾಸನೆ. ನಾನು ಅಲ್ಲೇ ನಿಂತುಬಿಟ್ಟೆ. "ಬಣ್ಣ ಸರಿ ಬರ್ಲಿಲ್ವಾ ಅಕ್ಕೋರೆ?" ಎಂದು ಅವನು ಕೇಳುವವರೆಗೂ ನಿಂತಿದ್ದೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರೆ ಎನ್ನುತ್ತಾರೆ. ನಾನು ಅಂಕೋಲೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆ ಮಾತ್ರ ಕಾರವಾರದ ಕೋಡಿಬಾಗದಲ್ಲಿ. ಮನೆಯಲ್ಲಿ ನನ್ನ ಗಂಡ ವಸಂತ, ಅವರ ತಾಯಿ, ನಮ್ಮ ಒಬ್ಬಳೇ ಮಗಳು ಗೌತಮಿ. ಅತ್ತೆಯನ್ನು ನಾನು ಆಯಿ ಎಂದೇ ಕರೆಯುತ್ತಿದ್ದೆ; ನನ್ನನ್ನೂ ಗೌತಮಿಯನ್ನೂ ಮನೆಯಲ್ಲಿ ಪ್ರೀತಿಯಿಂದ ಬಾಯೇ ಎನ್ನುತ್ತಿದ್ದರು. ಅವರದು ತಲೆತಲಾಂತರದಿಂದ ಮೀನು ಹಿಡಿಯುವ ಮನೆ. ಮಾವ ಇದ್ದಷ್ಟು ಕಾಲ ದೋಣಿ, ಬಲೆ. ನನ್ನ ತವರೂ ಅಂಥದ್ದೇ, ಅಂಕೋಲೆಯ ಪಕ್ಕದ ಕೇಣಿಯಲ್ಲಿ. ಗಂಡ ಮಾತ್ರ ಓದಿ ಸರ್ವೇ ಇಲಾಖೆ ಸೇರಿದ್ದರು. ಈ ಶತಮಾನದ ಮೊದಲ ವರ್ಷಗಳ ಮಾತು ಇದು. ಹೆದ್ದಾರಿ ಇನ್ನೂ ಇಕ್ಕಟ್ಟಾಗಿತ್ತು, ಮೊಬೈಲ್ ಇನ್ನೂ ಗುಂಡಿ ಒತ್ತುವಂಥದ್ದಾಗಿತ್ತು.

ಸರ್ವೇ ಎಂದರೆ ನಡಿಗೆ. ಗುಡ್ಡ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಹೊಳೆಯ ದಡ, ಎಲ್ಲ ಕಡೆ ಇವರು ನಡೆದಿದ್ದರು. ಕೆಲಸ ಮುಗಿಸಿ ಬಂದವರು ಊಟಕ್ಕೆ ಕೂತು ಅಂದಿನ ದಾರಿಯನ್ನೇ ಬಡಿಸುತ್ತಿದ್ದರು. ಎಲ್ಲಿ ಬಂಡೆಯ ಸಂದಿಯಲ್ಲಿ ಸಿಹಿನೀರು ಜಿನುಗುತ್ತದೆ, ಯಾವ ಗುಡ್ಡದ ತಲೆಯಿಂದ ಒಂದೇ ಸಲ ಎರಡು ಹೊಳೆ ಕಾಣುತ್ತದೆ ಎಂಬುದೆಲ್ಲ. ಕೊನೆಗೆ ಒಂದೇ ಮಾತು: "ನಾ ಒಬ್ನೇ ನೋಡಿ ಎಂತ ಮಾಡೂದು? ನಿಮ್ಮನ್ನ ನಡೆಸ್ಕೊಂಡು ಹೋಗ್ಬೇಕು. ಎಲ್ಲ ಬೆನ್ನಿಗೆ ಹಾಕ್ಕೊಂಡು, ಕಡಲಬದಿ ಹಿಡಿದು, ಗಂಗಾವಳಿ ಹೊಳೆವರೆಗೆ."

ನಾನೋ, ಬಸ್ ಸ್ಟ್ಯಾಂಡಿನಿಂದ ಶಾಲೆಗೆ ನಡೆಯುವಷ್ಟರಲ್ಲೇ ಎರಡು ಕಡೆ ನಿಂತು ಪರಿಚಯದವರನ್ನು ಮಾತಾಡಿಸುವವಳು. ಮಾತು ನೆಪ, ಉಸಿರು ತಿರುಗಿಸಿಕೊಳ್ಳುವುದು ನಿಜ. ಪ್ರವಾಸ ಎಂದರೆ ನನ್ನ ಲೆಕ್ಕದಲ್ಲಿ ಕಿಟಕಿ ಪಕ್ಕದ ಸೀಟು, ಹೋಗಿ ಇಳಿದಲ್ಲಿ ಬಿಸಿನೀರಿರುವ ಲಾಜು. "ರಾತ್ರಿ ಎಲ್ಲಿ ಮಲಗೂದು?" ಎಂದು ನಾನು ಕೇಳಿದೆ. ಅವರ ನಡಿಗೆಯ ಆಸೆಗೆ ಅಲ್ಲೇ ಗೋಡೆ ಕಟ್ಟಿದೆ ಅಂದುಕೊಂಡಿದ್ದೆ. ಗುಡಾರದ ಹುಡುಕಾಟ ಶುರುವಾದದ್ದೇ ಆ ಪ್ರಶ್ನೆಯಿಂದ.

ಮೊದಲು ಬಂದದ್ದು ಯಾರದೋ ಹಳೆಯ ಕ್ಯಾನ್ವಾಸ್ ಟೆಂಟು. ಎರವಲು ತಂದದ್ದು. ಆಟೋದಿಂದ ಇಳಿಸಲು ಚಾಲಕನೂ ಕೈ ಹಾಕಬೇಕಾಯಿತು. ಅಂಗಳದಲ್ಲಿ ಅದನ್ನು ನಿಲ್ಲಿಸುವಷ್ಟರಲ್ಲಿ ಇವರಿಗೂ ಗೌತಮಿಗೂ ಮೈಯೆಲ್ಲ ಬೆವರು. ಆಯಿ ಹೊರಗೆ ಬಂದು ಸುತ್ತ ತಿರುಗಿ ನೋಡಿದರು. ಆ ಇಳಿಜಾರಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಕಂಡಿರಬೇಕು. ಮಧ್ಯಾಹ್ನ ನಾನು ನೋಡುವಾಗ ಅದರ ಮೇಲೆ ಬಂಗಡೆ ಒಣಗುತ್ತಿತ್ತು. ಮರಳಿ ಕೊಟ್ಟ ಮೇಲೆ ಆ ಟೆಂಟಿನಲ್ಲಿ ಮಲಗಿದವರು ಏನೆಂದುಕೊಂಡರೋ, ನಾನು ವಿಚಾರಿಸಲಿಲ್ಲ.

"ಇಷ್ಟ್ ದೊಡ್ಡ ರಗಳೆ ಎಂತಕೆ ವಸಂತಾ?" ಎಂದರು ಆಯಿ. "ನಿನ್ನ ಅಪ್ಪ ದಂಡೆಮ್ಯಾಲೆ ಉಳಿಯೂದಿದ್ರೆ ಹುಟ್ಟನ್ನ ಉಸುಕಲ್ಲಿ ನೆಡ್ತಿದ್ದ. ಮ್ಯಾಲೆ ಹಾಯಿ ಎಳೆದು ನಾಕೂ ಬದಿ ಕಲ್ಲು ಇಟ್ರೆ ಆಯ್ತು. ನೀನೂ ಅದರೊಳಗೆ ಮಲಗಿದವ್ನೇ."

ಇವರಿಗೆ ಅದು ನೆನಪಿರಲಿಲ್ಲ. ತೀರ ಸಣ್ಣವರಿದ್ದರಂತೆ.

ಆಮೇಲೆ ಗೋವಾಕ್ಕೆ ಹೋದಾಗ ಬಾಗುವ ಕಡ್ಡಿಗಳ ಗುಮ್ಮಟದಂಥ ಟೆಂಟುಗಳನ್ನು ನೋಡಿದೆವು. ಗೌತಮಿ ಒಂದರೊಳಗೆ ಹೊಕ್ಕು ಹೊರಗೆ ಬರಲೇ ಇಲ್ಲ. ನೆಲಕ್ಕೂ ಬಟ್ಟೆ, ಬಾಗಿಲಿಗೆ ಜಿಪ್, ಸೊಳ್ಳೆ ಪರದೆ. ಏಡಿ, ಹಾವು ಯಾವುದೂ ಬರದ ಹಾಗಿತ್ತು. ನನಗೆ ಅದೇ ಒಪ್ಪಿಗೆ. ಇವರು ಅದನ್ನು ಚೀಲಕ್ಕೆ ತುಂಬಿಸಿ, ಹೆಗಲಿಗೆ ಹಾಕಿ, ಅಂಗಡಿಯೊಳಗೇ ಆಚೆಯಿಂದೀಚೆ ನಡೆದರು. ಇಳಿಸಿದರು. "ಭಾರ" ಎಂದರು.

"ಇದು ಭಾರವಾ? ನೀವು ಸಿಮೆಂಟ್ ಚೀಲ ಎತ್ತಿದವ್ರು."

"ಮೂವರು ಮಲಗುವಂಥದ್ದು ಬೇಕಲ್ಲ. ಅದು ಇದಕ್ಕಿಂತ ದೊಡ್ಡದು, ಇನ್ನೂ ಭಾರ" ಎಂದು ಹೊರಗೆ ಹೋಗಿಬಿಟ್ಟರು. ಗೌತಮಿ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು.

ಹುಡುಕುತ್ತಿದ್ದುದು ಕಣ್ಣಿಗೆ ಬಿದ್ದದ್ದು ಗಂಗಾವಳಿಯ ಆಚೆ, ಗೋಕರ್ಣದ ಕಡೆಯ ಒಂದು ಕಡಲತೀರದಲ್ಲಿ. ವಿದೇಶಿ ಗಂಡಹೆಂಡತಿ, ಜೊತೆಗೊಂದು ನಾಲ್ಕೈದು ವರ್ಷದ ಮಗು. ನಡುವೆ ಒಂದೇ ಕೋಲು. ಅದರ ತುದಿಯಿಂದ ನಾಲ್ಕೂ ಬದಿಗೆ ಇಳಿದ ತೆಳು ಬಟ್ಟೆ. ದೂರದಿಂದ ನೋಡಿದರೆ ಯಾರೋ ದೇವಸ್ಥಾನದ ಗೋಪುರದ ತುದಿಯನ್ನಷ್ಟೇ ತಂದು ಉಸುಕಿನ ಮೇಲೆ ಇಟ್ಟ ಹಾಗಿತ್ತು. ಇವರು ಹತ್ತಿರ ಹೋಗಿ ನಿಂತರು. ಇಂಗ್ಲಿಷಿನಲ್ಲಿ ಮಾತಾಡಲು ನನ್ನನ್ನು ಮುಂದೆ ತಳ್ಳಿದರು. ವ್ಯಾಕರಣವನ್ನೆಲ್ಲ ಬಲ್ಲ ನಾನು "ಹಲೋ" ಎಂದು ಹೇಳಿ ಬಾಯಿ ಒಣಗಿಸಿಕೊಂಡು ನಿಂತೆ. ಕೊನೆಗೆ ಕೈಸನ್ನೆಯಲ್ಲಿ ಇವರೇ ಎಲ್ಲ ಕೇಳಿಕೊಂಡರು. ಆ ಹೆಂಗಸು ಒಳ್ಳೆಯವಳು, ಮುಚ್ಚಿಡದೆ ಹೇಳಿದಳು. ನೆಲಕ್ಕೆ ಬಟ್ಟೆ ಇಲ್ಲ, ಬೇರೆ ಹಾಸಬೇಕು. ನೆಟ್ಟಗೆ ಕೂರಲು ನಡುವೆ ಮಾತ್ರ ಸಾಧ್ಯ, ಅಂಚಿಗೆ ಹೋದರೆ ಬಟ್ಟೆ ತಲೆಗೆ ತಾಗುತ್ತದೆ. ಚಳಿಯಿದ್ದರೆ ನಮ್ಮ ಉಸಿರೇ ಒಳಗೆ ಹನಿಯಾಗಿ ನಿಲ್ಲುತ್ತದೆ. ಆದರೆ ಗಾಳಿಗೆ ಹೆದರುವುದಿಲ್ಲ. ಕೋಲು ಎಂದರೆ ನಡೆಯುವಾಗ ಊರಿಕೊಳ್ಳುವ ಊರುಗೋಲೇ, ಬೇರೆ ಹೊರಬೇಕಾಗಿಲ್ಲ. ಗುಡಾರ ಮಡಚಿದ ಮೇಲೆ ಇವರು ಅದನ್ನು ಕೇಳಿ ತೆಗೆದುಕೊಂಡು ಎತ್ತಿ ನೋಡಿದರು. ಆಮೇಲೆ ಏನು ಮಾಡಿದರು ಗೊತ್ತೇ? ನನ್ನ ಕೈಗೆ ಕೊಟ್ಟರು. "ನೀ ಹಿಡಿದು ನೋಡು" ಎಂದರು. ಒಣಗಿದ ಎರಡು ಸೀರೆ ಹಿಡಿದಷ್ಟೇ ಆಯಿತು ನನಗೆ.

"ಇದೇ" ಎಂದರು ಇವರು.

ಅಂಥದ್ದು ನಮ್ಮ ಕಡೆ ಎಲ್ಲೂ ಕೊಳ್ಳಲು ಸಿಗಲಿಲ್ಲ. ಹಾಗಾಗಿ ಹೊಲಿಸುವುದೆಂದಾಯಿತು. ಒಂದು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಎಷ್ಟು ಅಗಲ, ಎಷ್ಟು ಎತ್ತರ, ಬಾಗಿಲು ಒಂದೋ ಎರಡೋ. ಇವರು ಹಳೆ ಪೇಪರ್ ಕೊಳ್ಳುವವರು ಹಿಡಿಯುವಂಥ ಕೊಕ್ಕೆಯ ತಕ್ಕಡಿಯೊಂದನ್ನು ತಂದಿಟ್ಟುಕೊಂಡು ಮನೆಯಲ್ಲಿದ್ದುದನ್ನೆಲ್ಲ ತೂಗತೊಡಗಿದರು. ಹೊದಿಕೆ, ಪಾತ್ರೆ, ಟಾರ್ಚು, ನನ್ನ ಚಪ್ಪಲಿ. ನೆಲಕ್ಕೆ ಬಟ್ಟೆ ಇಲ್ಲದಿದ್ದರೆ ನಾನು ಬರುವುದಿಲ್ಲ ಎಂದು ಹಟ ಹಿಡಿದೆ. ಕೊನೆಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಆಯಿಯ ಹಳೆ ಸೀರೆ ಎಂದು ರಾಜಿಯಾಯಿತು. ಗೌತಮಿಗೆ ಬೇರೆಯೇ ಚಿಂತೆ. "ಕೋಲು ನಡುವೆ ಬಂದ್ರೆ ಯಾರು ಯಾವ ಬದಿ ಮಲಗೂದು?" ಎಂದಳು. ಒಂದು ಬದಿ ಇಬ್ಬರು, ಇನ್ನೊಂದು ಬದಿ ಒಬ್ಬರು. ಆ ಒಬ್ಬರು ಯಾರು ಎಂಬುದಕ್ಕೆ ಅಪ್ಪ ಮಗಳ ನಡುವೆ ದಿನವೂ ವಾದ. ಯಾವಾಗಲೂ ಅದು ನಾನೇ ಎಂದು ತೀರ್ಮಾನವಾಗುತ್ತಿತ್ತು, ನಾನು ಗೊರಕೆ ಹೊಡೆಯುತ್ತೇನಂತೆ.

ಕಾರವಾರದ ಬಂದರು ಬೈತಖೋಲಿನ ದಾರಿಯಲ್ಲಿ ತಾಡಪತ್ರಿ ಹೊಲಿಯುವ ದರ್ಜಿಯೊಬ್ಬನಿದ್ದ. ಟ್ರಾಲರಿನ ಹೊದಿಕೆ, ಲಾರಿಯ ಹೊದಿಕೆ ಅವನ ಕೆಲಸ. ಪೇಟೆಯವರು ಪ್ಯಾರಾಚೂಟ್ ಬಟ್ಟೆ ಎಂದು ಕರೆಯುವ, ಹೊಸ ಕೊಡೆಯದೇ ವಾಸನೆಯ ಹಸಿರು ನೈಲಾನ್ ಬಟ್ಟೆಯನ್ನು ಇವರು ಹುಬ್ಬಳ್ಳಿಯಿಂದ ತರಿಸಿ ಅವನಿಗೆ ಕೊಟ್ಟರು. ಅವನು ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿ, "ಸಾಯಬ್ರೆ, ಇದು ಹೊಲಿಗೆ ಹಾಕೂಕೆ ಹೋದ್ರೆ ಜಾರಿ ಓಡ್ತದೆ" ಎಂದ. ಓಡಿತು ಕೂಡ. ಮೊದಲ ಸಲ ಹೊಲಿದು ಕೊಟ್ಟದ್ದು ಒಂದು ಬದಿಗೆ ಸೊಟ್ಟಗಾಗಿ, ಸಣ್ಣ ಗಾಳಿಗೂ ಪಟಪಟನೆ ಬಡಿದುಕೊಳ್ಳುತ್ತಿತ್ತು. ಬಿಚ್ಚಿಸಿ ಮತ್ತೆ ಹೊಲಿಸಿದರು. ಬಾಗಿಲಿನ ಜಿಪ್ ತೆಗೆಸಿ ಗುಂಡಿ ಹಾಕಿಸಿದರು, ಅದು ಹಗುರವಂತೆ. ಆಮೇಲೆ ಗುಂಡಿಯನ್ನೂ ತೆಗೆಸಿ ಲಾಡಿ ಕಟ್ಟುವ ಹಾಗೆ ಮಾಡಿಸಿದರು. ನನಗೆ ತಲೆ ಕೆಟ್ಟಿತು. "ಗುಂಡಿಯ ಭಾರವನ್ನೂ ಹೊರೂಕೆ ಆಗೂದಿಲ್ವಾ ನಿಮಗೆ?" ಎಂದು ರೇಗಿದೆ. ಇವರು ನಕ್ಕರು, ಅಷ್ಟೇ.

ಗುಂಡಿಯ ವಿಷಯ ನನಗೆ ಅರ್ಥವಾಗಲು ಇನ್ನೂ ಸ್ವಲ್ಪ ದಿನ ಬೇಕಾಯಿತು. ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಇವರು ಕನ್ನಡಿಯ ಮುಂದೆ ನಿಂತೇ ಇದ್ದರು. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಬಲಗೈಯ ಬೆರಳು ಗುಂಡಿಯನ್ನು ಹಿಡಿಯುತ್ತಿತ್ತು, ಜಾರುತ್ತಿತ್ತು. ಬಾಗಿಲಲ್ಲಿ ನನ್ನನ್ನು ಕಂಡು, "ಬೇಸಿಗೆ ನೋಡು, ಬೆವರು" ಎಂದರು. ಡಿಸೆಂಬರು ಅದು. ಆಗ ನನಗೆ ಒಂದೊಂದೇ ಹೊಳೆಯಿತು. ಕೈಯಿಂದ ಬಿದ್ದ ಚಹಾ ಕಪ್ಪು. ನಡೆಯುವಾಗ ಹಿಂದೆ ಉಳಿಯುತ್ತಿದ್ದ ಬಲಗಾಲಿನ ಚಪ್ಪಲಿ. ಗೋವಾದ ಅಂಗಡಿಯಲ್ಲಿ ಇಳಿಸಿಟ್ಟ ಚೀಲ.

ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಇವರ ಕೈಕಾಲು ಬಡಿದು, ನಾಲಗೆ ಹೊರಗೆ ಚಾಚಿಸಿ, ಸೂಜಿ ಚುಚ್ಚಿ ಏನೇನೋ ಪರೀಕ್ಷೆ ಮಾಡಿದರು. ನರದ ಕಾಯಿಲೆ ಎಂದರು. ಸ್ನಾಯುಗಳು ಒಂದೊಂದಾಗಿ ಸೊರಗುತ್ತಾ ಹೋಗುತ್ತವೆ. ಕೈ, ಕಾಲು, ಆಮೇಲೆ ಮಾತು, ನುಂಗುವುದು, ಕೊನೆಗೆ ಉಸಿರು. ಬುದ್ಧಿ ಮಾತ್ರ ಕೊನೆಯವರೆಗೂ ಸ್ವಚ್ಛವಾಗಿರುತ್ತದೆ ಎಂದು ಸಮಾಧಾನದ ಮಾತೆಂಬಂತೆ ಹೇಳಿದರು. ಔಷಧ ಇಲ್ಲ.

ವಾಪಸು ಬರುವಾಗ ಬಸ್ಸು ಘಟ್ಟ ಇಳಿಯುತ್ತಿತ್ತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದೆ. ಇವರೇ ಮಾತು ತೆಗೆದರು.

"ನಂಗೆ ಮೊದಲೇ ಅನಿಸಿತ್ತು. ಹೆಸರು ಗೊತ್ತಿರ್ಲಿಲ್ಲ ಅಷ್ಟೇ."

"ಅದಕ್ಕೇ ಎಲ್ಲ ತೂಗ್ತಿದ್ರಾ? ಹೊರೂಕೆ ಆಗೂದಿಲ್ಲ ಅಂತ?"

"ನಾ ಹೊರೂಕೆ ಅಲ್ಲ ಮಾರಾಯ್ತಿ" ಎಂದರು. "ನೀ ಹೊರೂಕೆ. ನೀ ಎಷ್ಟ್ ಹೊರ್ತೆ ಅಂತ ನಂಗೆ ಗೊತ್ತಿಲ್ವಾ? ನಿಂಗೆ ಭಾರ ಆಗ್ಬಾರ್ದು ಅಂತ ಹಗುರದ್ದು ಹುಡುಕಿದೆ."

ನಾನು ಅಲ್ಲಿಯವರೆಗೆ ಅತ್ತಿರಲಿಲ್ಲ. ಆ ಮೇಲೆ ಬಸ್ಸು ಅಂಕೋಲೆಗೆ ಬರುವವರೆಗೂ ಅತ್ತೆ. ಮುಂದಿನ ಸೀಟಿನವರು ತಿರುಗಿ ನೋಡಿ, ಘಟ್ಟದ ತಿರುವಿಗೆ ವಾಂತಿ ಬರುತ್ತಿದೆ ಅಂದುಕೊಂಡು ಲಿಂಬೆಹಣ್ಣು ಕೊಟ್ಟರು.

ಜನವರಿಯಲ್ಲೇ ಹೊರಟೆವು. ಕಾಯಲು ಸಮಯವಿರಲಿಲ್ಲ. ಇವರ ಮೊದಲಿನ ಆಸೆ ಕಾರವಾರದ ಮನೆಯ ಬಾಗಿಲಿಂದಲೇ ನಡೆಯಬೇಕೆಂದು. ಆದರೆ ಬಿಣಗಾ, ಅರಗಾದ ಕಡಲಬದಿ ಆಗಲೇ ನೌಕಾನೆಲೆಯ ಬೇಲಿಯೊಳಗೆ ಸೇರಿತ್ತು. ಹಾಗಾಗಿ ಬಸ್ಸಿನಲ್ಲಿ ಹಾರವಾಡದವರೆಗೆ ಹೋಗಿ ಅಲ್ಲಿಂದ ಉಸುಕಿಗೆ ಇಳಿದೆವು. ಗುಡಾರ ನನ್ನ ಬೆನ್ನಿಗೆ. ಅವಲಕ್ಕಿ, ನೀರು, ಹೊದಿಕೆ, ಹಗುರದೊಂದು ಪ್ಲಾಸ್ಟಿಕ್ ಕೊಡಪಾನ ಇವನ್ನೆಲ್ಲ ನಾನೂ ಗೌತಮಿಯೂ ಹಂಚಿಕೊಂಡಿದ್ದೆವು. ಇವರ ಕೈಯಲ್ಲಿ ಹೆಗಲೆತ್ತರದ ಬಿದಿರುಕೋಲು ಮಾತ್ರ. ಹನ್ನೊಂದು ವರ್ಷದ ಗೌತಮಿಗೆ ನಾವು ಕಾಯಿಲೆಯ ಬಗ್ಗೆ ಪೂರ್ತಿ ಹೇಳಿರಲಿಲ್ಲ. "ಪಪ್ಪಾನ ಕಾಲು ನೋಯ್ತದೆ" ಎಂದಷ್ಟೇ. ಅವಳು ಮುಂದೆ ಮುಂದೆ ಓಡಿ, ಚಿಪ್ಪು ಹೆಕ್ಕಿ, ಮತ್ತೆ ಓಡಿ ಬಂದು ಅಪ್ಪನ ಜೊತೆಗೆ ನಿಧಾನ ನಡೆಯುತ್ತಿದ್ದಳು. ಅಲೆ ತೋಯಿಸಿದ ಗಟ್ಟಿ ಉಸುಕಿನ ಮೇಲೆ ನಡೆಯಲು ಇವರು ಹೇಳಿಕೊಟ್ಟರು. ಎಡಕ್ಕೆ ಗಾಳಿಮರದ ತೋಪು, ಬಲಕ್ಕೆ ಕಡಲು. ನನ್ನ ಉಸಿರು ಎರಡು ಸಲ ಕೈಕೊಟ್ಟಿತು. ಮಾತಾಡಿಸಲು ಪರಿಚಯದವರು ಯಾರೂ ಇಲ್ಲದ್ದರಿಂದ ಕಡಲನ್ನೇ ನೋಡುತ್ತಾ ನಿಂತೆ. ಇವರಿಗೂ ನಿಲ್ಲಬೇಕಿತ್ತು. ಯಾರು ಯಾರಿಗಾಗಿ ನಿಂತೆವೆಂದು ಯಾರೂ ಕೇಳಲಿಲ್ಲ.

ಬೇಲೆಕೇರಿಗೆ ಸ್ವಲ್ಪ ಈಚೆ, ಹೊತ್ತು ಇಳಿಯುವ ಮೊದಲೇ ಗುಡಾರ ಹಾಕಿದೆವು. ಉಸುಕಿನಲ್ಲಿ ಗೂಟ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಚೀಲಗಳಿಗೆ ಉಸುಕು ತುಂಬಿ, ಹಗ್ಗ ಕಟ್ಟಿ ಹೂಳಬೇಕು. ಇವರು ಕೂತು ಹೇಳಿದರು, ನಾವು ಹೂಳಿದೆವು. ಎಲ್ಲ ಆದ ಮೇಲೆ ನಡುವೆ ಎತ್ತಲು ಕೋಲು ಬೇಕಾಯಿತು. ಇವರ ಕೈಯ ಕೋಲೇ ಅದು. ಗೌತಮಿ ಕೈ ಚಾಚಿದಳು. ಇವರು ಕೊಟ್ಟರು. ಹಸಿರು ಬಟ್ಟೆ ಎದ್ದು ನಿಂತಿತು, ಒಂದು ಸುಕ್ಕಿಲ್ಲದೆ. ಇವರಿಗೆ ಮಾತ್ರ ಇನ್ನು ಏಳುವ ಹಾಗಿರಲಿಲ್ಲ.

"ಗುಡಾರ ನಿಂತ್ರೆ ನಾ ಕೂರ್ಬೇಕು, ನಾ ನಿಂತ್ರೆ ಗುಡಾರ ಬೀಳ್ತದೆ" ಎಂದು ನಗುತ್ತಾ ಕೈಯೂರಿ ತೆವಳಿಕೊಂಡೇ ಒಳಗೆ ಹೋದರು. ಗೌತಮಿ ನಗಲಿಲ್ಲ. ಅಪ್ಪ ತೆವಳುವುದನ್ನು ಅವಳು ನೋಡಿದ್ದು ಅದೇ ಮೊದಲು.

ನಾನು ಕೊಡಪಾನ ಹಿಡಿದು ತೋಪಿನಾಚೆಯ ಮನೆಯೊಂದರ ಬಾವಿಗೆ ನೀರಿಗೆ ಹೋದೆ. ಮರಳಿ ಬರುವಾಗ ನೋಡಿದೆ: ಸಂಜೆಯ ಬೆಳಕಿಗೆ ಗುಡಾರ ಒಳಗಿನಿಂದ ದೀಪ ಹಚ್ಚಿಟ್ಟ ಹಾಗೆ ಬೆಳಗುತ್ತಿತ್ತು. ಒಳಗೆ ಎರಡು ನೆರಳು, ಒಂದು ದೊಡ್ಡದು, ಒಂದು ಸಣ್ಣದು. ಅವಲಕ್ಕಿಗೆ ಮೊಸರು ಕಲಸಿ ತಿಂದೆವು. ಮಲಗುವಾಗ ಕೋಲಿನ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಅವರಿಬ್ಬರು. ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಿದ್ದೆ ಬಂತು. ಏಡಿ ಬರಲಿಲ್ಲ. ನನ್ನ ಗೊರಕೆಗೆ ಬೆದರಿತ್ತೆಂದು ಅಪ್ಪ ಮಗಳು ಬೆಳಿಗ್ಗೆ ಹೇಳಿದರು.

ಬೆಳಿಗ್ಗೆ ಇವರ ಕಾಲು ಮಾತು ಕೇಳಲಿಲ್ಲ. ಕೋಲು ಕೊಟ್ಟೆ, ಹೆಗಲು ಕೊಟ್ಟೆ, ಎದ್ದು ನಿಲ್ಲಲು ಆಗಲಿಲ್ಲ. ಭಾವಿಕೇರಿಯ ಗುಡ್ಡ ಹತ್ತಿ ಇಳಿದು ಕೇಣಿ ಸೇರಬೇಕೆಂಬ ಯೋಚನೆ ಅಲ್ಲಿಗೇ ಮುಗಿಯಿತು. ಗೌತಮಿ ಓಡಿಹೋಗಿ ದೋಣಿ ತಳ್ಳುತ್ತಿದ್ದವರನ್ನು ಕರೆದು ತಂದಳು. ಅವರಲ್ಲೊಬ್ಬ ಕೇಣಿಯ ನನ್ನ ಅಣ್ಣನಿಗೆ ಗುರುತಿನವನು. ಇಬ್ಬರು ಸೇರಿ ಇವರನ್ನು ಎತ್ತಿ ದೋಣಿಯಲ್ಲಿ ಕೂರಿಸಿದರು. ದೋಣಿ ನೀರಿಗಿಳಿದಾಗ ಇವರು ಎಡಗೈಯನ್ನು ಅಂಚಿನಿಂದ ಇಳಿಬಿಟ್ಟು ನೀರು ಮುಟ್ಟಿದರು. "ಅಪ್ಪ ದೋಣಿಗೆ ಬರಬೇಡ, ಓದು ಅಂದಿದ್ದ. ಓದಿ ನೌಕರಿ ಹಿಡಿದು ಕಡೆಗೆ ಎಲ್ಲಿಗೆ ಬಂದೆ ನೋಡು" ಎಂದು ದೊಡ್ಡ ದನಿಯಲ್ಲಿ ನಕ್ಕರು. ದೋಣಿಯವರೂ ನಕ್ಕರು. ನಾವು ನಡೆದು ಬರುತ್ತೇವೆಂದು ಕಾಯುತ್ತಿದ್ದ ಅಣ್ಣ ಕೇಣಿಯ ದಂಡೆಯಲ್ಲಿ ನಿಂತಿದ್ದ. ನಾಲ್ಕು ಜನ ಇವರನ್ನು ಹೊತ್ತು ಇಳಿಸುವುದನ್ನು ಕಂಡು ನೀರಿಗೇ ಇಳಿದು ಓಡಿ ಬಂದ. ಅವನಿಗೂ ನಾವು ಹೇಳಿರಲಿಲ್ಲ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಮುಂದಿನ ಮಳೆಗಾಲಕ್ಕೆ ಕೋಲು ಸಾಲದಾಯಿತು. ಅದರ ಮುಂದಿನದಕ್ಕೆ ಕೈ ಏಳದಾಯಿತು. ಆಯಿ ಮಗನಿಗೆ ಗಂಜಿ ಕುಡಿಸುವಾಗ ತಾವೂ ಬಾಯಿ ತೆರೆಯುತ್ತಿದ್ದರು, ಮಗುವಿಗೆ ತಿನಿಸುವವರ ಹಾಗೆ. ಮಾತು ಮೊದಲು ದಪ್ಪವಾಯಿತು, ಆಮೇಲೆ ಕಲಸಿಹೋಯಿತು. ಆದರೆ ಮಾತು ಪೂರ್ತಿ ಹೋಗುವ ಮೊದಲು ದಿನವೂ ಒಂದನ್ನೇ ಹೇಳುತ್ತಿದ್ದರು: ನೀವಿಬ್ಬರೂ ಹೋಗಿ, ಕೇಣಿಯಿಂದ ಮುಂದಿನದನ್ನು ನಡೆದು ಬನ್ನಿ. ಇವರನ್ನು ಈ ಸ್ಥಿತಿಯಲ್ಲಿ ಬಿಟ್ಟು ಉಸುಕಿನ ಮೇಲೆ ಅಡ್ಡಾಡಲು ನನ್ನಿಂದ ಆಗುವುದಿಲ್ಲ ಎಂದೆ. ಇವರು ಸಿಟ್ಟಾದರು. ಮಾತು ಬಾರದವರ ಸಿಟ್ಟು ನೀವು ನೋಡಿರಲಿಕ್ಕಿಲ್ಲ. ಗೋಡೆಯ ಕಡೆ ಮುಖ ಮಾಡಿ ಗಂಜಿಗೆ ಬಾಯಿ ತೆರೆಯಲಿಲ್ಲ. ಕೊನೆಗೆ ಆಯಿಯೇ ನನ್ನ ಚೀಲ ತಂದು ನನ್ನ ಮುಂದಿಟ್ಟರು. "ಹೋಗು ಬಾಯೇ. ನಾ ಇದ್ದೆ ಇಲ್ಲಿ. ಅಂವ ಹಸ್ಕೊಂಡು ಸಾಯೂದು ಬೇಡ."

ಹೋದೆವು. ಕೇಣಿಯಿಂದ ನದಿಬಾಗ, ಅಲ್ಲಿಂದ ಮುಂದೆ ಮಂಜಗುಣಿಯ ಹೊಳೆಬಾಯಿ. ಗುಡಾರ ಹಾಕಿ ಒಂದು ರಾತ್ರಿ ಮಲಗಿದೆವು, ಗೌತಮಿ ಒಂದು ಬದಿ, ನಾನೊಂದು ಬದಿ. ಇಬ್ಬರಿಗೆ ಅದು ದೊಡ್ಡದಾಯಿತು. ಮರುದಿನ ಮನೆಗೆ ಬಂದು ಮಂಚದ ಪಕ್ಕ ಕೂತು ಹೇಳತೊಡಗಿದೆವು. ಗಂಗಾವಳಿ ಕಡಲು ಸೇರುವಲ್ಲಿ ನೀರಿನ ಬಣ್ಣ ಗೆರೆ ಎಳೆದ ಹಾಗೆ ಬೇರೆಯಾಗುತ್ತದೆ. ಉಸುಕಿನ ದಿಬ್ಬದ ಮೇಲೆ ಹಕ್ಕಿಗಳು ಕೂತಿದ್ದವು. ಗಾಳಿ ಜೋರಿತ್ತು, ಗುಡಾರ ಅಲುಗಲಿಲ್ಲ. ಇವರು ಕಣ್ಣು ಮಿಟುಕಿಸದೆ ಕೇಳಿದರು. ಎಲ್ಲ ಮುಗಿದ ಮೇಲೂ ಏನೋ ಕೇಳುವುದು ಉಳಿದಿತ್ತು, ನನ್ನನ್ನೇ ದಿಟ್ಟಿಸುತ್ತಿದ್ದರು. ನೀರು ಬೇಕೇ, ಮಗ್ಗುಲಾಗಬೇಕೇ, ಎಲ್ಲ ಕೇಳಿದೆವು. ಅಲ್ಲ. ಕೊನೆಗೆ ಗೌತಮಿಗೆ ಗೊತ್ತಾಯಿತು. "ಅಮ್ಮ, ಪಪ್ಪಾ ನಿನ್ನ ಹೆಗಲು ನೋಡ್ತಾ ಇದಾರೆ. ನೋಯ್ತದಾ ಅಂತ ಕೇಳ್ತಾ ಇದಾರೆ."

ಸೆರಗಿನ ಕೆಳಗೆ ಚೀಲದ ಪಟ್ಟಿ ಕೊರೆದು ಉರಿಯುತ್ತಿತ್ತು. ನೀರಿನ ಬಾಟಲಿಗಳ ಭಾರ ಅದು, ಗುಡಾರದ್ದಲ್ಲ. "ಇಲ್ಲ" ಎಂದೆ, "ಭಾರವೇ ಇರಲಿಲ್ಲ." ಇವರು ಒಮ್ಮೆ ಕಣ್ಣು ಮುಚ್ಚಿ ತೆರೆದರು. ಸರಿ ಎಂಬುದಕ್ಕೆ ಅದು ನಮ್ಮೊಳಗಿನ ಗುರುತು.

ಆ ವರ್ಷದ ಮಳೆ ಬಿಡುವ ಹೊತ್ತಿಗೆ ಹೋದರು.

ಕಾರ್ಯಗಳೆಲ್ಲ ಮುಗಿದು, ನೆಂಟರು ಹೋಗಿ, ಮನೆ ಖಾಲಿಯಾದ ಮೇಲೆ ಆಯಿ ಒಂದು ದಿನ, "ಅಂವ ಮಲಗಿದ ಜಾಗ ನಂಗೆ ತೋರಸು" ಎಂದರು. ಮೂವರೂ ಬಸ್ಸಿನಲ್ಲಿ ಬೇಲೆಕೇರಿಗೆ ಹೋದೆವು. ತೋಪಿನ ಮುಂದಿನ ಅದೇ ಜಾಗದಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ನಾನೂ ಗೌತಮಿಯೂ ಗುಡಾರ ಹಾಕಿದೆವು. ಈ ಸಲ ಕೋಲು ನೆಡುವಾಗ ಯಾರ ಕೈಯಿಂದಲೂ ತೆಗೆದುಕೊಳ್ಳಬೇಕಾಗಿರಲಿಲ್ಲ. ಆಯಿ ಒಳಗೆ ಬಗ್ಗಿ ನೋಡಿ, "ಯಾವ ಬದಿ?" ಎಂದರು. ತೋರಿಸಿದೆ. ಹೋಗಿ ಆ ಬದಿಗೆ ಮಗ್ಗುಲಾಗಿ ಮಲಗಿದರು, ತೋಳನ್ನು ಎದುರಿಗೆ ಚಾಚಿ, ಪಕ್ಕದಲ್ಲಿ ಮಗು ಮಲಗಿದೆ ಎಂಬಂತೆ. ಮಗ ಹೋದಂದಿನಿಂದ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅಲ್ಲಿ ನಿದ್ದೆ ಹತ್ತಿತು. ಗಾಳಿ ಎದ್ದಿತು. ನಾನೂ ಗೌತಮಿಯೂ ಹೊರಗೆ ಎರಡು ಕಡೆ ಕೂತು, ಬಟ್ಟೆ ಬಡಿದು ಅವರಿಗೆ ಎಚ್ಚರವಾಗಬಾರದೆಂದು, ಅಂಚನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದೆವು. 

ಆಯಿಯೂ ಈಗ ಇಲ್ಲ. ಗುಡಾರವೂ ಇಲ್ಲ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಆ ಬಟ್ಟೆ ಅಂಟಂಟಾಗಿ, ಮಡಚಿದಲ್ಲೆಲ್ಲ ಹರಿದು ಬಂತು. ಇಟ್ಟುಕೊಳ್ಳುವ ಹಾಗಿರಲಿಲ್ಲ. ನಿವೃತ್ತಿಯಾದ ಮೇಲೆ ನಾನು ಅಂಕೋಲೆಗೆ ಬಂದೆ. ಗೌತಮಿ ಕಾರವಾರದಲ್ಲೇ ಇದ್ದಾಳೆ. ಕೈಕಾಲು ಬಿದ್ದುಹೋದವರಿಗೆ ವ್ಯಾಯಾಮ ಮಾಡಿಸುವ ಕೆಲಸ ಅವಳದು. 

ಮೊನ್ನೆ ಪೇಟೆಯಿಂದ ಮನೆಗೆ ಬಂದು ಕೂತಾಗ ಒಂದು ವಿಷಯಕ್ಕೆ ಗಾಬರಿಯಾಯಿತು. ಇವರ ಮಾತುಗಳೆಲ್ಲ ನೆನಪಿವೆ, ನಿಮಗೆ ಹೇಳಿದೆನಲ್ಲ. ದನಿ ನೆನಪಿಲ್ಲ. ಕಿವಿಯಲ್ಲಿ ಉಳಿದಿರುವುದು ಕೊನೆಯ ದಿನಗಳ ಕಲಸಿಹೋದ ದನಿ ಒಂದೇ. ಅದರ ಹಿಂದಿನದೆಲ್ಲ ಅದರಡಿಗೆ ಮುಚ್ಚಿಹೋಗಿದೆ. ಗೌತಮಿಗೆ ಫೋನ್ ಮಾಡಿದೆ. "ನಿಂಗೆ ಪಪ್ಪಾನ ದನಿ ನೆನಪಿದ್ಯಾ? ಕಾಯಿಲೆಗಿಂತ ಮೊದಲಿನದು?"

"ಬೇಲೆಕೇರಿಲಿ ನೀನು ನೀರಿಗೆ ಹೋಗಿದ್ಯಲ್ಲ ಅಮ್ಮ, ಆಗ ನಾವಿಬ್ರೂ ಬಾಗಿಲಲ್ಲಿ ಕೂತು ನಿನ್ನನ್ನೇ ನೋಡ್ತಾ ಇದ್ವಿ. ನಿನ್ನ ಬೆನ್ನು ಕಾಣ್ತಾ ಇತ್ತು, ಕೊಡಪಾನ ಹಿಡ್ಕೊಂಡು ಉಸುಕಲ್ಲಿ ಹೋಗ್ತಾ ಇದ್ದೆ. ಪಪ್ಪಾ ನಂಗೆ ಒಂದ್ ಮಾತು ಹೇಳಿದ್ರು. ಅದು ಹಾಂಗೇ ಇದೆ ಕಿವಿಲಿ."

"ಎಂತ ಹೇಳಿದ್ರು?"

ಗೌತಮಿ ಗಂಟಲು ಸರಿ ಮಾಡಿಕೊಂಡಳು. ಆಮೇಲೆ ಫೋನಿನಲ್ಲಿ, ಇವರ ಆ ಎಳೆತ, ಕೊನೆಗೆ ನಗು ತಡೆದುಕೊಂಡ ಹಾಗೆ ಸ್ವಲ್ಪ ಮೇಲೇಳುವ ಆ ರಾಗ, ಎಲ್ಲ ಹಾಗೆಯೇ ಬಂತು.

"ನೋಡು ಬಾಯೇ, ನಿನ್ನ ಅಮ್ಮ ಹೆಂ-ಗೆ ನಡೀತಾಳೆ ನೋಡು. ನಂಗಿನ್ನು ಹೆದರ್ಕೆ ಇಲ್ಲ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಗೌತಮಿ "ಅಮ್ಮ, ಇದ್ಯಾ?" ಎಂದಳು. ಇದ್ದೇನೆ ಎಂದೆ. ಇನ್ನೊಂದು ಸಲ ಹೇಳು ಎಂದೆ.